ಬೀಗ ತೆಗೆಯಿರಿ, ಹೆಸರು ಓದಬೇಡಿ

ನಮ್ಮ ಗ್ರಾಮ ಪಂಚಾಯತಿನ ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒ ಅವರಿಗೆ ಕುದ್ರುವಿನ (ಹೊಳೆಯ ನಡುಗಡ್ಡೆಯ) ನಿವಾಸಿಯೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ಸವಿನಯ ನಮಸ್ಕಾರಗಳು.

ಕಳೆದ ಗ್ರಾಮಸಭೆಯಲ್ಲಿ ನಮ್ಮ ತೂಗುಸೇತುವೆಗೆ ಜೋಡಿಗಳು ಪ್ರೀತಿ ಉಳಿಯಲೆಂದು ತಮ್ಮ ಹೆಸರು ಬರೆದು ಹಾಕಿ ಹೋಗುವ ಬೀಗಗಳ ವಿಷಯ ಬಂದಾಗ ಎರಡು ಸಲಹೆಗಳು ಕೇಳಿಬಂದವು. ಸೇತುವೆಯ ಉದ್ದಕ್ಕೂ ಬೀಗ ಹಾಕಲೆಂದೇ ಹೊಸ ಜಾಲರಿ ಬಿಗಿದು, 'ಲವ್ ಲಾಕ್ ಪಾಯಿಂಟ್' ಎಂದು ಬೋರ್ಡು ನಿಲ್ಲಿಸಿ, ತಲೆಗಿಷ್ಟು ಎಂದು ವಸೂಲು ಮಾಡಿದರೆ ಪಂಚಾಯತಿಗೆ ಒಳ್ಳೆಯ ಆದಾಯ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಎದ್ದು ನಿಂತು, ಇದು ನಮ್ಮ ಸಂಸ್ಕೃತಿಯಲ್ಲ, ಬೀಗಗಳ ಮೇಲಿರುವ ಹೆಸರುಗಳನ್ನು ಪಟ್ಟಿ ಮಾಡಿ ಮನೆಯವರಿಗೆ ಮುಟ್ಟಿಸಬೇಕು, ಮದುವೆಯಾಗದವರನ್ನು ಸೇತುವೆಗೇ ಹತ್ತಿಸಬಾರದು ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ಕೆಲವರು ಎರಡು ಸಲವೂ ತಟ್ಟಿದರು. ನಾನು ಕೈ ಎತ್ತುವಷ್ಟರಲ್ಲಿ ಚಾ ಬಂತು, ಸಭೆ ಚದುರಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರನ್ನು ಬೇಕೆಂದೇ ಹಾಕಿಲ್ಲ. ಹಾಕಿದರೆ ಬರುವ ಭಾನುವಾರ ಇನ್ನೊಂದಿಷ್ಟು ಬೀಗ ಬಂದು ಬೀಳುತ್ತವೆ. ಹೊರಗಿನ ಓದುಗರಿಗೆ ಇಷ್ಟು ಸಾಕು: ಉಡುಪಿ ತಾಲೂಕು, ಹೊಳೆ ಸಮುದ್ರ ಸೇರುವ ಮೊದಲು ಕವಲೊಡೆಯುವ ಜಾಗ, ನಡುವೆ ತೆಂಗಿನ ತೋಟಗಳ ಒಂದು ಕುದ್ರು, ಅಲ್ಲಿಗೆ ನಡೆದು ಹೋಗಲು ಒಂದು ತೂಗುಸೇತುವೆ.

ನಾನು ಗೇಟು, ಗ್ರಿಲ್ಲು, ಶೀಟಿನ ಮಾಡು ಮಾಡುವ ವೆಲ್ಡರ್. ಸೇತುವೆಯ ಜಾಲರಿ ಹರಿದಾಗ, ಹಲಗೆಯ ಬೋಲ್ಟು ಸಡಿಲವಾದಾಗ ಕರೆ ಬರುವುದು ನನಗೆ. ಹಾಗಾಗಿ ಈ ಬೀಗಗಳನ್ನು ನಿಮ್ಮಲ್ಲಿ ಯಾರಿಗಿಂತಲೂ ಹತ್ತಿರದಿಂದ ನಾನು ನೋಡಿದ್ದೇನೆ. ಸೂಟ್‌ಕೇಸಿಗೆ ಹಾಕುವ ಬೆರಳಷ್ಟು ಬೀಗದಿಂದ ಅಂಗಡಿ ಶಟರಿಗೆ ಹಾಕುವ ದಪ್ಪ ಅಲಿಗಢದ ಬೀಗದವರೆಗೆ ಎಲ್ಲ ಬಗೆಯವೂ ಇವೆ. ಸೈಕಲ್ ಚೈನೂ ಇದೆ. ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು ಒಂದು ಮಳೆಗಾಲಕ್ಕೆ ಹೋಗುತ್ತದೆ ಎಂದು ಗೊತ್ತಿದ್ದವರು ನೇಲ್ ಪಾಲಿಶಿನಲ್ಲಿ ಬರೆದಿದ್ದಾರೆ. ಇನ್ನೂ ಜಾಣರು ಮೊಳೆಯಲ್ಲಿ ಕೊರೆದಿದ್ದಾರೆ. ಹೆಚ್ಚಿನವು ಪಕ್ಕದ ಜಾಲರಿಯಲ್ಲಿವೆ. ಕೆಲವನ್ನು ಮಾತ್ರ ನಡೆಯುವ ಹಾಸನ್ನು ಮೇಲಿನ ಉಕ್ಕಿನ ಹಗ್ಗಕ್ಕೆ ತೂಗುಹಾಕುವ ಸರಳುಗಳಿಗೇ ಹಾಕಿದ್ದಾರೆ. ನನಗೆ ಭಯವಿರುವುದು ಇವುಗಳದ್ದೇ.

ಒಂದು ಸರಳಿನ ಬುಡದಲ್ಲಿದ್ದ ಬೀಗದ ಬಗ್ಗೆ ಹೇಳಬೇಕು. ಮಳೆಗೆ ಹೆಸರು ಅಳಿಯದಿರಲಿ ಎಂದು ಅದಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಬ್ಯಾಂಡು ಬಿಗಿದಿದ್ದರು. ಕವರಿನೊಳಗೆ ನೀರು ಹೋಗಿತ್ತು, ಹೊರಗೆ ಬಂದಿರಲಿಲ್ಲ. ಬಿಚ್ಚಿದಾಗ ಬೀಗದ ಕೊಂಡಿಯ ಸುತ್ತ ಬಿಳಿ ಪುಡಿ ಉದುರಿತು. ಉಗುರಿನಿಂದ ಕೆರೆದರೆ ಅದರಡಿ ಕೆಂಪು. ಬಿಳಿಯದ್ದು ಸರಳಿನ ಮೇಲಿನ ಸತುವಿನ ಲೇಪದ ತುಕ್ಕು, ಕೆಂಪು ಕಂಡಿತೆಂದರೆ ಸತು ಮುಗಿದು ಕಬ್ಬಿಣಕ್ಕೆ ಬಂದಿದೆ ಎಂದೇ ಅರ್ಥ. ಆ ಒಂದು ಬೀಗದ ಆಚೆ ಈಚೆ ಸರಳು ಚೆನ್ನಾಗಿಯೇ ಇತ್ತು.

ನಮ್ಮ ಗಾಳಿಯಲ್ಲೇ ಉಪ್ಪಿದೆ. ಮಲ್ಪೆ ಬಂದರಿನಲ್ಲಿ ಬೋಟಿನ ಕೆಲಸ ಮಾಡುವವರನ್ನು ಕೇಳಿ, ಸಮುದ್ರ ಕಾಣುವ ಮನೆಗೆ ಗ್ರಿಲ್ಲು ಹಾಕಿಸಿದವರನ್ನು ಕೇಳಿ. ಅದಕ್ಕೇ ಸೇತುವೆಯ ಕಬ್ಬಿಣವನ್ನು ಗ್ಯಾಲ್ವನೈಸ್ ಮಾಡುವುದು, ಅಂದರೆ ಕಾದ ಸತುವಿನಲ್ಲಿ ಅದ್ದಿ ತೆಗೆಯುವುದು. ಸತು ತಾನು ಮೊದಲು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಅದರ ಮೇಲೆ ಹಿತ್ತಾಳೆಯ ಬೀಗ ಬಂದು ಕುಳಿತು, ನಡುವೆ ಉಪ್ಪಿನ ಪಸೆ ಸೇರಿದರೆ ಬ್ಯಾಟರಿಯೊಳಗೆ ನಡೆಯುವ ಕ್ರಿಯೆಯೇ ಅಲ್ಲಿಯೂ ನಡೆದು ಸತು ಬೇಗ ತೀರಿಹೋಗುತ್ತದೆ. ಜೊತೆಗೆ ತೂಗುಸೇತುವೆ ಸುಮ್ಮನೆ ನಿಲ್ಲುವುದಿಲ್ಲ. ಶಾಲೆ ಮಕ್ಕಳು ಓಡಿದರೆ, ಸೈಕಲ್ಲು ಹೋದರೆ ಅಲುಗುತ್ತದೆ. ಸೇತುವೆ ಅಲುಗಿದಾಗಲೆಲ್ಲ ಬೀಗವೂ ಅಲುಗಿ ಕೊಂಡಿ ತೇಯುತ್ತದೆ. ದಿನಕ್ಕೆ ಎಷ್ಟು ಸಲ ಎಂದು ಯಾರು ಲೆಕ್ಕ ಇಡುತ್ತಾರೆ?

ಬೀಗದ ಭಾರಕ್ಕೆ ಸೇತುವೆ ಕುಸಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸಭೆಯಲ್ಲಿ ಯಾರೋ ಹಾಗೆ ಹೆದರಿಸಿದರು, ಅದು ತಪ್ಪು. ಈಗಿರುವ ಎಲ್ಲ ಬೀಗ ಸೇರಿಸಿದರೂ ನಾಲ್ಕಾಳಿನ ತೂಕ ಆಗಲಿಕ್ಕಿಲ್ಲ. ನನ್ನ ಆಕ್ಷೇಪ ಬೇರೆ. ತೂಗುಸೇತುವೆಯನ್ನು ನೋಡಿಕೊಳ್ಳುವುದೆಂದರೆ ಅದರ ಹಗ್ಗ, ಕ್ಲಾಂಪು, ಸರಳುಗಳನ್ನು ಕಣ್ಣಿಟ್ಟು ನೋಡುವುದು. ಬೀಗದ ಗೊಂಚಲು ಬಿದ್ದ ಜಾಗವನ್ನು ಯಾವ ಇಂಜಿನಿಯರೂ ನೋಡಲಾರ. ಗುಜರಾತಿನ ಮೊರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಕಡಿದು 135 ಮಂದಿ ಸತ್ತರು. ದುರಸ್ತಿ ಆಯಿತೆಂದು ಮತ್ತೆ ತೆರೆದು ಕೆಲವೇ ದಿನ ಆಗಿತ್ತು. ತನಿಖಾ ತಂಡ ನೋಡಿದಾಗ ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ಅಲ್ಲಿ ಬೀಗದ ಪ್ರಶ್ನೆ ಇರಲಿಲ್ಲ, ನಿಜ. ತುಕ್ಕು ಕಣ್ಣಿಗೆ ಬೀಳದೆ ಉಳಿದ ಪ್ರಶ್ನೆ ಇತ್ತು.

ಈ ಸೇತುವೆ ನಮಗೆ ಏನು ಎಂಬುದನ್ನು ಹೊಸ ಸದಸ್ಯರಿಗಾಗಿ ಒಂದು ಮಾತಿನಲ್ಲಿ ಹೇಳುತ್ತೇನೆ. ಇದು ಬರುವ ಮೊದಲು ಮಳೆಗಾಲದ ಆಟಿಯ ತಿಂಗಳಲ್ಲಿ ಹೊಳೆ ಕೆಂಪಾಗಿ ಬಂತೆಂದರೆ ದೋಣಿ ಬಿಡುತ್ತಿರಲಿಲ್ಲ. ಬಸುರಿ ಹೆಂಗಸರನ್ನು ತಿಂಗಳು ಮೊದಲೇ ದಡದಾಚೆಯ ನೆಂಟರ ಮನೆಯಲ್ಲಿ ಬಿಡಬೇಕಿತ್ತು. ಇಂಥ ಕಷ್ಟ ನೋಡಿಯೇ ಸುಳ್ಯದ ಗಿರೀಶ್ ಭಾರದ್ವಾಜರು ಊರೂರಿಗೆ ತೂಗುಸೇತುವೆ ಕಟ್ಟುತ್ತ ಹೋದದ್ದು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದರಿಂದ ಶುರುವಾಗಿ ನೂರನ್ನು ದಾಟಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮಂಥ ಊರಿನವರಿಗೆಲ್ಲ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು. ಕಡಿಮೆ ದುಡ್ಡಿನಲ್ಲಿ, ಲೆಕ್ಕ ಹಾಕಿದಷ್ಟೇ ಕಬ್ಬಿಣದಲ್ಲಿ ಕಟ್ಟುವ ಸೇತುವೆ ಇದು. ದಪ್ಪ ಕಾಂಕ್ರೀಟಿನ ಸೇತುವೆಯಂತೆ ನಿರ್ಲಕ್ಷ್ಯವನ್ನು ವರ್ಷಗಟ್ಟಲೆ ತಾಳುವುದಿಲ್ಲ.

ಇನ್ನು ಆದಾಯದ ಸಲಹೆಗೆ ಬರುತ್ತೇನೆ. ಪ್ಯಾರಿಸಿನಲ್ಲಿ ಹೀಗೇ ಇದೆಯಲ್ಲ ಎಂದು ಸಭೆಯಲ್ಲಿ ಮೊಬೈಲು ತೋರಿಸಿದರು. ಆ ಫೋಟೋ ಹಳೆಯದು. ಪ್ಯಾರಿಸಿನ ಪಾಂ ದೆ ಆರ್ ಎಂಬ ಕಾಲ್ಸೇತುವೆಗೆ ಬೀಗ ಹಾಕುವುದು 2008ರ ಸುಮಾರಿಗೆ ಶುರುವಾಯಿತು. 2014ರ ಜೂನಿನಲ್ಲಿ ಬೀಗದ ಭಾರಕ್ಕೆ ಅದರ ಕಟಾಂಜನದ ಒಂದು ಭಾಗ ಕಳಚಿ ಬಿತ್ತು. ಮರುವರ್ಷ ನಗರಾಡಳಿತ ಎಲ್ಲವನ್ನೂ ಕಿತ್ತು ಹಾಕಿತು. ತೂಕ ಸುಮಾರು 45 ಟನ್. ಈಗ ಅಲ್ಲಿ ಕೊಂಡಿ ಸಿಕ್ಕಿಸಲು ಜಾಗವೇ ಇಲ್ಲದ ಗಾಜಿನ ಹಲಗೆಗಳಿವೆ. ಕಿತ್ತ ಬೀಗಗಳಲ್ಲಿ ಒಂದು ಪಾಲನ್ನು 2017ರಲ್ಲಿ ಹರಾಜು ಹಾಕಿ ಬಂದ ಹಣವನ್ನು ನಿರಾಶ್ರಿತರಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಟ್ಟರು. ರೋಮಿನ ಮಿಲ್ವಿಯೊ ಸೇತುವೆಯಲ್ಲಿ 2007ರಲ್ಲಿ ಬೀಗ ಹೊತ್ತ ದೀಪದ ಕಂಬವೇ ಬಾಗಿತು. ಮೆಲ್ಬರ್ನಿನಲ್ಲಿ 2015ರಲ್ಲಿ ಒಂದು ಕಾಲ್ಸೇತುವೆಯಿಂದ 20,000 ಬೀಗ ತೆಗೆದರು. ದೊಡ್ಡ ಊರುಗಳು ಹಾಕಿಸಿಕೊಂಡು, ಅನುಭವಿಸಿ, ಖರ್ಚು ಮಾಡಿ ತೆಗೆದದ್ದನ್ನು ನಾವು ಈಗ ಟಿಕೆಟಿಟ್ಟು ಶುರುಮಾಡಬೇಕೇ? ಜಾಲರಿಗೆ ನೀವು ಕರೆಯುವ ಟೆಂಡರಿನಲ್ಲಿ ಕೆಲಸ ನನಗೇ ಸಿಗಬಹುದು. ಆದರೂ ಹೇಳುತ್ತೇನೆ, ಬೇಡ.

ಬೀಗ ಹಾಕಿದ ಮೇಲೆ ಬೀಗದ ಕೈಯನ್ನು ಹೊಳೆಗೆ ಎಸೆಯುವುದು ಈ ಪದ್ಧತಿಯ ಅರ್ಧ ಭಾಗ. ಅದರ ಬಗ್ಗೆ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಹೊಳೆಗೆ ಇಳಿಯುವವರು ಸಭೆಗೆ ಬರುವುದು ಕಡಿಮೆ. ಇಳಿತದ ಹೊತ್ತಿಗೆ ಸೇತುವೆಯ ಕೆಳಗೆ ಸೊಂಟದ ನೀರಿನಲ್ಲಿ ನಿಂತು, ಕಾಲಿನಲ್ಲಿ ತಡಕಿ ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ನೀವು ನೋಡಿಯೇ ಇದ್ದೀರಿ. ಬರಿಗಾಲು, ಕೆಸರು, ಒಳಗೆ ತುಕ್ಕು ಹಿಡಿದ ಕೀ. ನಮ್ಮ ನೆರೆಮನೆಯ ಅಕ್ಕ ಬುಟ್ಟಿ ಸುರಿದಾಗ ಮರುವಾಯಿಯ ಜೊತೆ ಹಿತ್ತಾಳೆಯ ಕೈಯೊಂದು ಬಿತ್ತು. "ಬೀಗವೂ ಒಟ್ಟಿಗೆ ಸಿಕ್ಕಿದ್ರೆ ಪೆಟ್ಟಿಗೆಗಾದ್ರೂ ಆಗ್ತಿತ್ತು ಮಾರಾಯಾ, ಬರೀ ಕೈ ಇಟ್ಕೊಂಡು ಎಂತ ಮಾಡೂದು?" ಎಂದರು. ನಕ್ಕೆವು. ಅವರ ಹಿಮ್ಮಡಿಯಲ್ಲಿ ಬ್ಯಾಂಡೇಜು ಇತ್ತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ಉದ್ಯಾನದವರು ಬೀಗ ಹಾಕಬೇಡಿ ಎಂದು ಜನರನ್ನು ಬೇಡಿಕೊಳ್ಳುವುದಕ್ಕೆ ಒಂದು ಕಾರಣ ಅಲ್ಲಿಯ ಕಾಂಡೋರ್ ಹದ್ದುಗಳು. ಹೊಳೆಯುವ ಕೀಗಳನ್ನು ಅವು ಹೆಕ್ಕಿ ನುಂಗುತ್ತವೆ. ಹದ್ದಿಗಾಗಿ ಅವರು ಅಷ್ಟು ಮಾಡುವಾಗ ನಮ್ಮ ಹೆಂಗಸರ ಕಾಲಿಗಾಗಿ ನಾವು ಒಂದು ಬೋರ್ಡಾದರೂ ಹಾಕಬಹುದಲ್ಲ.

ಎರಡನೆಯ ಸಲಹೆಯ ಬಗ್ಗೆ ನಾನು ಇಷ್ಟು ಶಾಂತವಾಗಿ ಬರೆಯಲಾರೆ.

ಸಂಸ್ಕೃತಿಯ ಮಾತು ಮೊದಲು ಮುಗಿಸುತ್ತೇನೆ. ಮನಸ್ಸಿನಲ್ಲಿದ್ದುದನ್ನು ಒಂದು ವಸ್ತುವಾಗಿ ಮಾಡಿ ಒಂದು ಜಾಗದಲ್ಲಿ ಬಿಟ್ಟು ಬರುವುದು ನಮ್ಮ ಜಿಲ್ಲೆಗಳಿಗೆ ಹೊಸತೇ? ಉಜಿರೆಯ ಹತ್ತಿರದ ಸೂರ್ಯ ದೇವಸ್ಥಾನಕ್ಕೆ ಹೋದವರಿಗೆ ಗೊತ್ತು. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ಮಣ್ಣಿನ ಮಗು ಒಪ್ಪಿಸುತ್ತಾರೆ, ಹರಕೆಯ ಬನದಲ್ಲಿ ಅವು ರಾಶಿ ಬಿದ್ದಿರುತ್ತವೆ. ಸಂತಾನಕ್ಕಾಗಿ ಮರಕ್ಕೆ ತೊಟ್ಟಿಲು ಕಟ್ಟುವವರಿದ್ದಾರೆ. ಹುಡುಗ ಹುಡುಗಿ ಬೀಗ ಹಾಕುವುದೂ ಒಂದು ಹರಕೆಯೇ. ಮಣ್ಣಿನ ಹರಕೆ ನಾಲ್ಕು ಮಳೆಗೆ ಮಣ್ಣಾಗುತ್ತದೆ, ಅಲಿಗಢದ ಬೀಗ ಆಗುವುದಿಲ್ಲ. ನನ್ನ ತಕರಾರು ಅಷ್ಟಕ್ಕೇ ಸೀಮಿತ. ಈ ಪದ್ಧತಿಯ ಬೇರು ಎಂದು ಹೇಳುವ ಕಥೆ ಸೆರ್ಬಿಯಾದ ವ್ರ್ನ್ಯಾಚ್ಕಾ ಬಾನ್ಯಾ ಎಂಬ ಊರಿನದು. ನಾದಾ ಎಂಬ ಶಾಲಾ ಶಿಕ್ಷಕಿ, ರೆಲ್ಯಾ ಎಂಬ ಸೈನ್ಯಾಧಿಕಾರಿ ದಿನಾ ಸೇತುವೆಯ ಮೇಲೆ ಭೇಟಿಯಾಗುತ್ತಿದ್ದರಂತೆ. ಮೊದಲ ಮಹಾಯುದ್ಧಕ್ಕೆ ಹೋದವನು ಗ್ರೀಸಿನಲ್ಲಿ ಬೇರೊಬ್ಬಳನ್ನು ಮೆಚ್ಚಿ ಅಲ್ಲೇ ಉಳಿದ, ಇವಳು ಕೊರಗಿ ಸತ್ತಳು. ಆಮೇಲೆ ಆ ಊರಿನ ಹುಡುಗಿಯರು ತಮಗೆ ಹಾಗಾಗದಿರಲಿ ಎಂದು ಅದೇ ಸೇತುವೆಗೆ ಬೀಗ ಹಾಕತೊಡಗಿದರು. ಇದರಲ್ಲಿ ಉಡುಪಿಯ ಯಾವ ಅಜ್ಜಿಗೂ ಅರ್ಥವಾಗದ್ದು ಏನಿದೆ?

ಈಗ ಪಟ್ಟಿಯ ವಿಷಯ. ಒಂದು ಮಧ್ಯಾಹ್ನ ನಾನು ಜಾಲರಿ ಹೊಲಿಯುತ್ತಿದ್ದಾಗ ಒಬ್ಬ ಯುವಕ ಬಂದು ಒಂದೊಂದೇ ಬೀಗವನ್ನು ಬೆಳಕಿಗೆ ತಿರುಗಿಸಿ, ಹೆಸರು ಕಾಣುವಂತೆ ಹಿಡಿದು ಫೋಟೋ ತೆಗೆಯುತ್ತಿದ್ದ. ಜೊತೆಗೆ ಯಾರೂ ಇರಲಿಲ್ಲ, ಸೆಲ್ಫಿಯೂ ತೆಗೆಯಲಿಲ್ಲ. ಯಾಕೆ ಎಂದು ಕೇಳಿದೆ. "ಸುಮ್ಮನೆ, ಗ್ರೂಪಿಗೆ" ಎಂದ. ಯಾವ ಗ್ರೂಪು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಎರಡು ಹೆಸರು ಎರಡು ಧರ್ಮದವಾಗಿದ್ದ ಬೀಗಗಳ ಹತ್ತಿರ ಅವನು ಸ್ವಲ್ಪ ಹೆಚ್ಚು ಹೊತ್ತು ನಿಂತ.

ಮಾನ್ಯರೇ, ನಾವು ಎಲ್ಲಿ ಬದುಕುತ್ತಿದ್ದೇವೆ ಎಂಬುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಎಳೆದಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಮಕ್ಕಳಿಗೆ ಹೊಡೆದರು. ಬಸ್ಸಿನಲ್ಲಿ ಪಕ್ಕ ಪಕ್ಕ ಕೂತದ್ದಕ್ಕೆ, ಬೀಚಿನಲ್ಲಿ ಮಾತಾಡಿದ್ದಕ್ಕೆ ತಡೆದು ಹೆಸರು ಕೇಳುವ ಸುದ್ದಿ ಈಗ ಒಳಪುಟಕ್ಕೆ ಸರಿದಿದೆ, ನಿಂತಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗ ಹೊರಟವರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ 30 ದಿನ ಕಾಯಬೇಕು. ಆ ಕಾಗದದ ಫೋಟೋ ಊರೆಲ್ಲ ತಿರುಗಿದರೆ ಆ ಎರಡು ಮನೆಗಳ ಗತಿ ಏನು ಎಂದು ಯೋಚಿಸಿ. ಕಾನೂನಿನ ಕಾಗದಕ್ಕೇ ಹೀಗಾಗುವಾಗ, ಪಂಚಾಯತೇ ಕೂತು ಬೀಗದ ಹೆಸರುಗಳನ್ನು ಬರೆದು ಪಟ್ಟಿ ಮಾಡಿದರೆ ಆ ಕಾಗದ ಯಾರ ಕೈಗೆ ಹೋಗುತ್ತದೆ? ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಮನೆಯವರ, ಜಾತಿಯವರ, ಊರಿನವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯವರಿಗೆ ಮುಟ್ಟಿಸುವ ಅಧಿಕಾರ ಪಂಚಾಯತಿಗೆ ಯಾವ ಕಾಯ್ದೆಯಿಂದ ಬಂತು?

ಹಾಕಿದವರಿಗೂ ಆ ಹೆಸರು ಯಾವಾಗಲೂ ಬೇಕಿರುವುದಿಲ್ಲ. ಒಂದು ಸಂಜೆ ಒಬ್ಬಳೇ ಬಂದ ಹುಡುಗಿ ಬ್ಯಾಗಿನಿಂದ ಹ್ಯಾಕ್ಸಾ ಬ್ಲೇಡು ತೆಗೆದು, ಫ್ರೇಮೂ ಇಲ್ಲದೆ, ಕರ್ಚೀಫು ಸುತ್ತಿ ಹಿಡಿದು ಬೀಗ ಕೊಯ್ಯುತ್ತಿದ್ದಳು. ಗಟ್ಟಿ ಕೊಂಡಿ, ಬ್ಲೇಡು ಜಾರುತ್ತಿತ್ತು. ಕೈ ಕೊಯ್ದುಕೊಂಡಾಳು ಎಂದು ನಾನು ಮನೆಯಿಂದ ಬೋಲ್ಟ್ ಕಟ್ಟರ್ ತಂದು ಕತ್ತರಿಸಿ ಕೊಟ್ಟೆ. ಬೀಗವನ್ನು ಬ್ಯಾಗಿಗೆ ಹಾಕಿಕೊಂಡು, "ಎಷ್ಟಾಯ್ತು ಅಣ್ಣ?" ಎಂದು ಕೇಳಿದಳು. ಮುಂದಿನ ತಿಂಗಳು ಅವಳ ನಿಶ್ಚಿತಾರ್ಥವೋ, ಅಥವಾ ಅವನದೋ, ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಮಳೆ ಹಿಡಿಯುವ ಮೊದಲು ಎಲ್ಲ ಬೀಗಗಳನ್ನೂ ತೆಗೆಸಿ. ತೆಗೆಯುವ ಮೊದಲು ಹದಿನೈದು ದಿನದ ನೋಟಿಸನ್ನು ಸೇತುವೆಯ ಎರಡೂ ತುದಿಗೆ ಅಂಟಿಸಿ, ಬೇಕಾದವರು ಬಂದು ತಮ್ಮದನ್ನು ಬಿಡಿಸಿಕೊಳ್ಳಲಿ. ಯಾರು ಬಂದರು ಎಂದು ಯಾರೂ ಬರೆದಿಡುವುದು ಬೇಡ. ತೆಗೆದದ್ದನ್ನು ಗೋಣಿಗೆ ತುಂಬಿ, ಬಾಯಿ ಕಟ್ಟಿ, ನೇರವಾಗಿ ಗುಜರಿಗೆ ಕಳಿಸಿ. ಪಂಚಾಯತಿನ ಅಂಗಳದಲ್ಲಿ ರಾಶಿ ಹಾಕಿ ಪತ್ರಿಕೆಯವರನ್ನು ಕರೆದು ಫೋಟೋ ತೆಗೆಸಬೇಡಿ. ಗುಜರಿಯ ದುಡ್ಡು ಎಷ್ಟೇ ಬರಲಿ, ಸೇತುವೆಯ ಬಣ್ಣಕ್ಕೆ ಹಾಕಿ. ಆಮೇಲೆ ತೂಗುಸೇತುವೆಯ ಕೆಲಸ ಗೊತ್ತಿರುವ ಇಂಜಿನಿಯರೊಬ್ಬರನ್ನು ಕರೆಸಿ ಹಗ್ಗ, ಕ್ಲಾಂಪು, ಸರಳು, ದಡದ ಆಂಕರುಗಳನ್ನೆಲ್ಲ ಪರೀಕ್ಷೆ ಮಾಡಿಸಿ, ವರದಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. ಬೀಗ ಹಾಕಬಾರದು, ಹೊಳೆಗೆ ಕೀ ಎಸೆಯಬಾರದು ಎಂಬ ಬೋರ್ಡು ಇರಲಿ. 'ಜೋಡಿಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡು ಬಂದರೆ ಅದನ್ನು ಬಿಚ್ಚುವ ಸ್ಪಾನರು ನನ್ನಲ್ಲಿದೆ, ಮೊದಲೇ ಹೇಳಿಬಿಡುತ್ತೇನೆ.

ಬೀಗಕ್ಕೆ ಒಂದು ಜಾಗ ಬೇಕೇ ಬೇಕು ಎಂದು ಪ್ರವಾಸೋದ್ಯಮದ ಉತ್ಸಾಹಿಗಳು ಹಟ ಹಿಡಿದರೆ, ಮಾಸ್ಕೋದಲ್ಲಿ ಸೇತುವೆಯ ಮೇಲೆ ಕಬ್ಬಿಣದ ಮರಗಳನ್ನು ನಿಲ್ಲಿಸಿ ಬೀಗವನ್ನು ಅವಕ್ಕೆ ಹಾಕಿಸಿದ ಹಾಗೆ, ಇಲ್ಲಿಯೂ ಸೇತುವೆಗೆ ತಾಗದಂತೆ ದಡದಲ್ಲಿ ಒಂದು ಚೌಕಟ್ಟು ನಿಲ್ಲಿಸಬಹುದು. ನನ್ನನ್ನು ಕೇಳಿದರೆ ಅದೂ ಬೇಡ. ಹೆಸರು ಓದಲು ಬರುವವನಿಗೆ ಅದು ಇನ್ನೂ ಅನುಕೂಲ. ಆದಾಯ ಬೇಕಿದ್ದರೆ ವಾಹನ ನಿಲ್ಲಿಸಲು ಜಾಗ ಮಾಡಿ ಶುಲ್ಕ ತೆಗೆದುಕೊಳ್ಳಿ, ಒಂದು ಶೌಚಾಲಯ ಕಟ್ಟಿಸಿ. ಭಾನುವಾರ ಬರುವ ಹೆಂಗಸರು ಕುದ್ರುವಿನ ಮನೆಗಳ ಬಾಗಿಲು ತಟ್ಟಿ ಕೇಳುವುದು ಅದನ್ನೇ.

ಜೋಡಿಗಳಿಗೂ ಎರಡು ಮಾತು. ಬನ್ನಿ, ಸೇತುವೆಯ ಮೇಲೆ ನಿಲ್ಲಿ, ಬೇಕಾದಷ್ಟು ಹೊತ್ತು ನಿಲ್ಲಿ. ಈಚೆ ತುದಿಯ ಅಂಗಡಿಯಲ್ಲಿ ಬೊಂಡ (ಎಳನೀರು) ಸಿಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಡಿ. ಬೀಗ ತರಬೇಡಿ. ತಂದೇ ಬಿಟ್ಟಿದ್ದರೆ ಮನೆಗೆ ಒಯ್ಯಿರಿ, ಮುಂದೆ ನಿಮ್ಮದೇ ಮನೆ ಆದಾಗ ಗೇಟಿಗೆ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಜಿಲ್ಲೆಯಲ್ಲಿ ಪೂರ್ತಿ ಹೆಸರನ್ನು ಬಯಲಿನಲ್ಲಿ ಕೊರೆದು ಹೋಗಬೇಡಿ.

ಕತ್ತರಿಸುವ ಕೆಲಸಕ್ಕೆ ನಾನು ಮಜೂರಿ ಕೇಳುವುದಿಲ್ಲ. ಚಿಕ್ಕ ಬೀಗಗಳಿಗೆ ಬೋಲ್ಟ್ ಕಟ್ಟರ್ ಸಾಕು. ದಪ್ಪದವಕ್ಕೆ ಗ್ರೈಂಡರ್ ಬೇಕು, ಕಿಡಿ ಹಾರಿ ಹಗ್ಗದ ಸತು ಸುಡದಂತೆ ಒದ್ದೆ ಗೋಣಿ ಸುತ್ತಿ ಕೊಯ್ಯಬೇಕು, ಹಾಗಾಗಿ ಒಬ್ಬ ಸಹಾಯಕ ಬೇಕು. ಕಟಿಂಗ್ ಡಿಸ್ಕು ಮತ್ತು ಸವೆದ ಕಡೆ ಹಚ್ಚಲು ಜಿಂಕ್ ಪೇಂಟು ಪಂಚಾಯತು ಕೊಡಿಸಲಿ, ಈಚೆ ದಡದ ಕಂಬದಿಂದ ಕರೆಂಟಿಗೆ ಅನುಮತಿ ಕೊಡಿಸಲಿ. ಶಾಲೆಗೆ ರಜೆ ಇರುವ ಯಾವುದಾದರೂ ದಿನ ಆಗಬಹುದು. ಭಾನುವಾರ ಮಾತ್ರ ಬೇಡ, ನೋಡಲು ಜನ ಸೇರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಕುದ್ರುವಿನ ವೆಲ್ಡರ್